ಬಲಕ್ಕೆ ವಾಲಿದ ಮೊಳೆಗಳು

ಬೇರೆಯವರು ತಪ್ಪು ಮಾಡಿದರೆ ಒಂದೇ ತಪ್ಪು. ಅಚ್ಚುಮನೆಯವನು ಮಾಡಿದರೆ ಐನೂರು ಪ್ರತಿ. ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಮೊಳೆ ಜೋಡಿಸುತ್ತಿದ್ದೆ. ಮೊಳೆ ಅಂದರೆ ಗೋಡೆಗೆ ಹೊಡೆಯುವುದಲ್ಲ, ಸೀಸದ ಅಕ್ಷರ. ಅಲ್ಲಿ ನನ್ನ ಕೈಯಿಂದ ಆದದ್ದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನನಗೆ ಈಗಲೂ ತಲೆ ಎತ್ತಲಾಗುವುದಿಲ್ಲ.

೧. ಪೆಟ್ಟಿಗೆ ಬಂತು

ಕೆಲಸಕ್ಕೆ ಸೇರುವಾಗ ಮಾಲಕರು, "ಇಂಗ್ಲಿಷ್ ಬರ್ತದೇನಪ?" ಎಂದು ಕೇಳಿದ್ದರು. "ಬರ್ತದ್ರೀ" ಎಂದುಬಿಟ್ಟಿದ್ದೆ. ಬರುತ್ತಿದ್ದದ್ದು ಇಪ್ಪತ್ತಾರು ಅಕ್ಷರ ಮಾತ್ರ.

ಒಂದು ದಿನ ಹೈದರಾಬಾದಿನಿಂದ ಹೊಸ ಇಂಗ್ಲಿಷ್ ಮೊಳೆಗಳ ಪೆಟ್ಟಿಗೆ ಬಂತು. ನಾಲ್ಕು ಸಾಲು ಜೋಡಿಸಿ ಅಚ್ಚೊತ್ತಿ ನೋಡಿದೆ. ಅಕ್ಷರಗಳೆಲ್ಲ ಬಲಕ್ಕೆ ವಾಲಿದ್ದವು. ಸಣಕಲು ಮೈ, ತುದಿಗೊಂದು ಸಣ್ಣ ಕೊಕ್ಕೆ, ದೊಡ್ಡಕ್ಷರಗಳಿಗೆ ಬಾಲ ಬೇರೆ.

"ರಾಯಚೂರಿಂದ ಬಂಡ್ಯಾಗ ಬರೋವಾಗ ಕುಲುಕಿ ಬಾಗ್ಯಾವ್ರೀ," ಎಂದೆ.

ಮಾಲಕರು ನನ್ನ ಮಾತು ನಂಬಿ ಅಂಗಡಿಯವರಿಗೆ ಖಾರವಾಗಿ ಒಂದು ಕಾಗದ ಬರೆದರು. ಉತ್ತರ ಬಂತು: 'ಇವಕ್ಕೆ ಇಟಾಲಿಕ್ ಎನ್ನುತ್ತಾರೆ. ಇವು ವಾಲಿಯೇ ಹುಟ್ಟುತ್ತವೆ.' ಅದನ್ನು ನನ್ನ ಮುಂದಿಟ್ಟು ಮಾಲಕರು, "ಇಂಗ್ಲಿಷ್ ಬರ್ತದ ಅಂದಿದ್ದೆಲ್ಲೋ?" ಎಂದರು.

"ನೆಟ್ಟಗಿದ್ರ ಬರ್ತದ್ರೀ," ಎಂದೆ.

೨. ಗುಡ್ಡ ಹತ್ತಿದ ಮದುವೆ

ಸಿಂಧನೂರಿನ ಅರಳೆ ವ್ಯಾಪಾರಿಯೊಬ್ಬರು ಮಗಳ ಮದುವೆಯ ಕಾರ್ಡಿಗೆ ಬಂದರು. ಅಳಿಯ ಹೈದರಾಬಾದಿನಲ್ಲಿ ಓದಿದವನೆಂದು ಇಂಗ್ಲಿಷೇ ಬೇಕಿತ್ತು. ಮೊದಲ ಪ್ರತಿ ನೋಡಿ ಅವರ ಮುಖ ಸಪ್ಪಗಾಯಿತು.

"ಎಲ್ಲಾ ಬೀಳಾಕತ್ತಾವಲ್ಲೋ ತಮ್ಮಾ. ಶುಭಕಾರ್ಯ ಅದ, ನೆಟ್ಟಗ ನಿಂದ್ರಿಸು."

ಇವು ಹೀಗೇ ಇರುತ್ತವೆ ಎಂದು ಹೇಳಿದ್ದರೆ ಮುಗಿದಿತ್ತು. ಪೆಟ್ಟಿಗೆಯ ವಿಷಯದಲ್ಲಿ ಹೋದ ಮಾನವನ್ನು ಇಲ್ಲಿ ಗಳಿಸಬೇಕೆಂದು ನನಗೆ ಹಟ. ಜೋಡಿಸಿದ ಪುಟವನ್ನೇ ಎಡಕ್ಕೆ ಓರೆ ಮಾಡಿ, ಕೆಳಗೆ ಕಟ್ಟಿಗೆ ಚೂರು ಸಿಕ್ಕಿಸಿ ಅಚ್ಚು ಹಾಕಿದೆ. ಅಕ್ಷರಗಳೇನೋ ಎದ್ದು ನಿಂತವು; ಸಾಲುಗಳು ಮಾತ್ರ ಕಾರ್ಡಿನ ಕೆಳಮೂಲೆಯಿಂದ ಮೇಲ್ಮೂಲೆಗೆ ಹೊರಟವು. ವ್ಯಾಪಾರಿಗಳು ಕತ್ತು ಓರೆ ಮಾಡಿಕೊಂಡು ಓದಿದರು.

"ಅಕ್ಷರ ನಿಂತಾವ ಖರೆ. ಮದುವಿ ಗುಡ್ಡ ಹತ್ತಾಕತ್ತದಲ್ಲೋ."

೩. ಮುನ್ಶಿಯವರ ತೀರ್ಪು

ಆ ಮೊಳೆಗಳ ಮಾನ ಉಳಿಸಿದವರು ತಹಸೀಲ್ ಕಚೇರಿಯ ಮುನ್ಶಿ. ಉರ್ದು ಬರೆಯುವುದರಲ್ಲಿ ಅವರದು ಪಳಗಿದ ಕೈ. ಮೇಜಿನ ಮೇಲೆ ಬಿದ್ದಿದ್ದ ಪ್ರತಿಯೊಂದನ್ನು ಎತ್ತಿಕೊಂಡು, "ನಮ್ಮ ಅಕ್ಷರ ಮೊದಲಿಂದ ಹಿಂಗ ಬಳುಕ್ತಾವ. ಇಂಗ್ಲಿಷರು ಈಗ ಕಲ್ತಾರ," ಎಂದು ಹೇಳಿ, ಮಗನ ಲಗ್ನಪತ್ರಕ್ಕೆ ಅವೇ ಬೇಕೆಂದರು.

ಅಲ್ಲಿಂದ ಸುತ್ತಲಿನ ಊರುಗಳಲ್ಲಿ ವಾಲಿದ ಅಕ್ಷರ, ಹೂವಿನ ಅಂಚು ಇಲ್ಲದ ಮದುವೆಯೇ ಇಲ್ಲದಾಯಿತು. ಓದಲು ಬಾರದವರೂ ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡರು. ನಮ್ಮಲ್ಲಿ ಮೊಳೆ ಇದ್ದದ್ದು ಒಂದು ಸಲಕ್ಕೆ ಒಂದು ಕಾರ್ಡಿಗೆ ಸಾಕಾಗುವಷ್ಟು. ಒಬ್ಬ ಗೌಡರು ಬಂದವರೇ ಕೇಳಿದರು: "ಮುಹೂರ್ತ ಐನೋರು ಇಡ್ತಾರ. ಮೊದ್ಲು ಮೊಳಿ ಯಾವಾಗ ಖಾಲಿ ಆಗ್ತಾವ ಹೇಳು."

೪. ಮಸ್ಕಿಯ ಗುಡ್ಡ

ಮಸ್ಕಿ ಹತ್ತಿರ ರಸ್ತೆಗೆಂದು ಗುಡ್ಡಕ್ಕೆ ಮದ್ದು ಹಾಕಿ ಕಲ್ಲು ಸಿಡಿಸುವವರಿದ್ದರು. ಗುರುವಾರ ಬೆಳಿಗ್ಗೆ ಯಾರೂ ಹತ್ತಿರ ಬರಬಾರದು ಎಂಬ ಎಚ್ಚರಿಕೆಯ ಕಾಗದ ಅಚ್ಚಾಗಬೇಕಿತ್ತು. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. "ಇಂಜಿನಿಯರ್ ಸಾಹೇಬರ ಕೆಲಸ, ಚೆಂದ ಮಾಡು," ಎಂದರು ಮಾಲಕರು.

ಚೆಂದವೇ ಮಾಡಿದೆ. ಗುಲಾಬಿ ಕಾಗದ, ಹೂವಿನ ಅಂಚು, ನಡುವೆ ವಾಲಿದ ಅಕ್ಷರ. ಕನ್ನಡ ಕೆಳಗೆ ಇರುವೆ ಸಾಲಿನ ಹಾಗೆ. ತಳವಾರರು, "ಗುರುವಾರ ಬೆಳಿಗ್ಗೆ, ಮಸ್ಕಿ ಗುಡ್ಡ," ಎಂದಷ್ಟೇ ಹೇಳಿ ಅದನ್ನು ಊರೂರಿಗೆ ಹಂಚಿದರು. ಓದಬಲ್ಲವರು ಊರಿಗೆ ಒಬ್ಬಿಬ್ಬರು, ಅವರನ್ನೂ ಯಾರೂ ಕೇಳಲಿಲ್ಲ. ಕಾಗದ ನೋಡಿದರೇ ತಿಳಿಯುತ್ತಿತ್ತಲ್ಲ.

ಗುರುವಾರ ಬೆಳಿಗ್ಗೆ ಗುಡ್ಡದ ಬುಡಕ್ಕೆ ಜನ ಬಂದರು. ಹೊಸ ಸೀರೆ, ರುಮಾಲು, ತೆಂಗಿನಕಾಯಿ. ಪಾಮನಕಲ್ಲೂರಿನಿಂದ ಎರಡು ಬಂಡಿ. ಕನ್ನಡ ಬಾರದ ಇಂಜಿನಿಯರರು ಕೆಂಪು ಬಾವುಟ ಬೀಸುತ್ತ ಓಡಿ ಬಂದರೆ, ಒಬ್ಬ ಮುದುಕಿ ಅವರ ಕೈಗೆ ಮುಯ್ಯಿಗೆ ತಂದ ಕುಬಸದ ಕಣ ಇಟ್ಟು, "ಮದಿಮಗಳು ಎಲ್ಲ್ಯದಾಳಪ?" ಎಂದಳು. ಕಾವಲಿನವನು ಜಗಳ ಬೇಡವೆಂದು, "ಇವತ್ತಿಲ್ಲ, ಮುಂದ ಹಾಕ್ಯಾರ, ನಡೀರಿ," ಎಂದು ಎಲ್ಲರನ್ನೂ ಸಾಗಹಾಕಿದ.

ಸಂಜೆ ರಸ್ತೆ ಕೆಲಸದ ಗುತ್ತೇದಾರರು ಆ ಗುಲಾಬಿ ಕಾಗದವನ್ನು ನನ್ನ ಮುಂದೆ ಹಿಡಿದರು. "ಮದ್ದಿಗೆ ಬೆಂಕಿ ಇಟ್ಟಿದ್ರ ಏನಾಗ್ತಿತ್ತಲೇ?" ಅಷ್ಟು ಜನರ ಜೀವ ನನ್ನ ಚೆಂದಕ್ಕೆ ಬಲಿಯಾಗುತ್ತಿತ್ತು. ಅಂಥ ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಮುಂದಿನ ಗುರುವಾರಕ್ಕೆ ಬೇರೆ ಕಾಗದ ಮಾಡಿದೆ. ಹೂವಿಲ್ಲ, ವಾಲುವುದಿಲ್ಲ; ಬಿಳಿ ಹಾಳೆ, ದಪ್ಪ ನೆಟ್ಟನೆಯ ಕನ್ನಡ ಅಕ್ಷರ, ಸುತ್ತ ಬೆರಳಗಲದ ಕಪ್ಪು ಗೆರೆ. ತಳವಾರರು ಅದನ್ನೂ ಮೊದಲಿನ ಹಾಗೆಯೇ ಹಂಚಿದರು. ಈ ಸಲ ಯಾರಿಗೂ ಏನೂ ಆಗಬಾರದೆಂದು ನಸುಕಿನಲ್ಲೇ ಹೋಗಿ ಗುಡ್ಡದ ಬುಡದಲ್ಲಿ ಇಂಜಿನಿಯರರ ಪಕ್ಕ ನಿಂತೆ.

ಹೊತ್ತು ಏರುವಷ್ಟರಲ್ಲಿ ಅದೇ ಜನ ಬಂದರು. ರುಮಾಲು ಕಂಕುಳಲ್ಲಿ, ಸೆರಗು ಬಾಯಿಗೆ. ಸಾವಿನ ಕಾರ್ಡಿಗೆ ನಾವು ಹಾಕುತ್ತಿದ್ದದ್ದೂ ಅದೇ ಕಪ್ಪು ಗೆರೆ ಎಂದು ನನಗೆ ಹೊಳೆದದ್ದು ಆಗ. ಮುದುಕಿ ಎಲ್ಲರಿಗಿಂತ ಮುಂದೆ ಬಂದು, ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದಳು.

"ಲಗ್ನ ಮುಂದ ಹಾಕಿದಾಗ್ಲೇ ಅಂದಿದ್ದೆಪ, ಹುಡುಗನ ಮೈ ನೆಟ್ಟಗಿಲ್ಲ ಅಂತ."