ಮಗಳ ರೋಸಿನ ದಿನ ನೆಲದಿಂದೆದ್ದ ಟ್ಯಾಂಕಿಗೆ

ಅಲ್ ರಹ್ಬಾ, ಅಬುಧಾಬಿ
ನವೆಂಬರ್ 2014

ನೆಲದಡಿ ಇರಬೇಕಾಗಿದ್ದು, ಸದ್ಯ ನಮ್ಮ ಅಂಗಳದ ನಟ್ಟನಡುವೆ ವಿರಾಜಮಾನರಾಗಿರುವ ಸೆಪ್ಟಿಕ್ ಟ್ಯಾಂಕ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿರುವುದು ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತಿರುವುದರಿಂದ ಕುಶಲ ವಿಚಾರಿಸುವ ಶ್ರಮ ನನಗೆ ತಪ್ಪಿದೆ. ಇತ್ತ ಈ ತೋಟದ ಲೆಕ್ಕ ನೋಡಿಕೊಂಡು ಇದೇ ತೋಟದ ಹಳೆಯ ಮನೆಯಲ್ಲಿ ಬಾಡಿಗೆಗಿರುವ ನಾನೂ ನನ್ನ ಪತ್ನಿ ಬೆಟ್ಟಿಯೂ, ಮೊನ್ನೆಯಷ್ಟೇ ಮಗಳು ಸ್ಟೇಸಿಯನ್ನು ಮದುವೆ ಮಾಡಿ ಕಳಿಸಿ, ತಮ್ಮ ಕೃಪೆಯಿಂದ ಬದುಕಿಕೊಂಡಿದ್ದೇವೆ.

ತಮಗಿಂತ ಮೊದಲು ಇಲ್ಲಿದ್ದ ಇಟ್ಟಿಗೆಯ ಗುಂಡಿ ತಮ್ಮಷ್ಟು ಕುಲೀನವಾಗಿರಲಿಲ್ಲ. ನಾಲ್ಕು ಜನ ನೆಂಟರು ಬಂದರೆ ಐದನೆಯವನಾಗಿ ತಾನೂ ಉಕ್ಕಿ ಅಂಗಳಕ್ಕೆ ಬರುತ್ತಿತ್ತು. ಹಾಗಾಗಿ ಸ್ಟೇಸಿಯ ಜ್ಞಾನಸ್ನಾನದ ಊಟ ಬೇರೆಯವರ ಫ್ಲ್ಯಾಟಿನಲ್ಲಿ ಆಯಿತು, ಪ್ರಥಮ ಪರಮಪ್ರಸಾದದ್ದು ಅಲ್ ಮುರಕ್ಕಬಾತಿನ ಹೋಟೆಲಿನಲ್ಲಿ ಆಯಿತು. ಬೆಟ್ಟಿ ಎಲ್ಲ ಸಹಿಸಿದಳು, ಆದರೆ ರೋಸಿನ ವಿಷಯದಲ್ಲಿ ಮಾತ್ರ ಹಟ ಹಿಡಿದಳು. ಮದುವೆಯ ಮುನ್ನಾದಿನ ಹೆಣ್ಣನ್ನು ಮಣೆಯ ಮೇಲೆ ಕೂರಿಸಿ, ಹಿರಿಯರೆಲ್ಲ ತೆಂಗಿನ ಹಾಲು ಹಚ್ಚಿ ಹರಸುವ ಆ ಶಾಸ್ತ್ರ ತವರಿನ ಅಂಗಳದಲ್ಲೇ ಆಗಬೇಕು, ಗಂಟೆಯ ಬಾಡಿಗೆಗೆ ಸಿಗುವ ಹಾಲ್‌ನಲ್ಲಿ ಅಲ್ಲ ಎಂಬುದು ಅವಳ ಪಟ್ಟು. ತೋಟದ ಮಾಲಿಕರಾದ ನಮ್ಮ ಅರ್ಬಾಬ್ ದೊಡ್ಡ ಮನಸ್ಸು ಮಾಡಿ, ಹೊಸ ಟ್ಯಾಂಕಿಗೆ ಅನುಮತಿ ಕೊಟ್ಟು ಖರ್ಚನ್ನು ಮಾತ್ರ ನನಗೆ ಬಿಟ್ಟರು.

ಹೀಗೆ ಅಲ್ ಕೂಜ್‌ನ ಕಂಟ್ರಾಕ್ಟರನ ಗೋದಾಮಿನಿಂದ ತಮ್ಮ ಸವಾರಿ ಲಾರಿಯಲ್ಲಿ ಚಿತ್ತೈಸಿತು. ಆಳೆತ್ತರ ಅಗೆದರೆ ಉಪ್ಪುನೀರು ಜಿನುಗುವ ನೆಲ ಇದು, ಅಡಿಗೆ ಕಾಂಕ್ರೀಟು ಹಾಕಿ ಬೆಲ್ಟಿನಿಂದ ಬಿಗಿಯುವುದು ಬೇಡವೇ ಎಂದು ನಾನು ಕೇಳಿದ್ದಕ್ಕೆ ಕಂಟ್ರಾಕ್ಟರ್ "ಮಾಫಿ ಮುಶ್ಕಿಲ್", ಏನೂ ತೊಂದರೆಯಿಲ್ಲ, ಎಂದು ಕೈಯಾಡಿಸಿ, ತಮ್ಮ ಹೊಟ್ಟೆಗೆ ನೀರು ತುಂಬಿಸಿ, ಸುತ್ತ ಮರಳು ಸುರಿಸಿದ. ಹೊಟ್ಟೆಯನ್ನು ಎಂದೂ ಪೂರ್ತಿ ಬರಿದು ಮಾಡಬೇಡಿ, ನೀರಿನ ಭಾರದಲ್ಲೇ ಕೂತಿರುತ್ತದೆ ಎಂದು ಲಾರಿ ಹತ್ತುತ್ತಾ ಹೇಳಿದ. ಲಾರಿ ಹತ್ತುವಾಗ ಹೇಳಿದ ಬುದ್ಧಿಮಾತಿಗೆ ಎಷ್ಟು ಬೆಲೆ ಸಿಗಬೇಕೋ ಅಷ್ಟೇ ಸಿಕ್ಕಿತು.

ಏಕೆಂದರೆ ಮದುವೆಗೆಂದು ಕಿನ್ನಿಗೋಳಿಯಿಂದ ನನ್ನ ಅಕ್ಕ ಮೆಟಿಲ್ಡಾ ಬಂದಿದ್ದಳು. ಮದುವೆಗೆ ಮೊದಲು ಮನೆಗೆ ಸುಣ್ಣ ಬಳಿದು, ಬಾವಿಯ ನೀರನ್ನೆಲ್ಲ ಎತ್ತಿ ಹಾಕಿ ಕೆಸರು ತೆಗೆಸುವ ಮನೆತನ ನಮ್ಮದು. ಇಲ್ಲಿ ಬಾವಿ ಇಲ್ಲದ್ದರಿಂದ ಅಕ್ಕನ ದೃಷ್ಟಿ ತಮ್ಮ ಮೇಲೆ ಬಿತ್ತು. ನಾಳೆ ಬರುವ ನೆಂಟರಿಗೆ ನಿನ್ನೆಯವರ ಗಲೀಜು ಯಾಕೆ ಎಂದು, ನಾನು ಚಪ್ಪರದ ಗಡಿಬಿಡಿಯಲ್ಲಿದ್ದಾಗ ಟ್ಯಾಂಕರು ಕರೆಸಿ, ತಮ್ಮನ್ನು ಕೊನೆಯ ಹನಿಯವರೆಗೆ ಹೀರಿಸಿ, ತೊಳೆಸಿ, ಮತ್ತೊಮ್ಮೆ ಹೀರಿಸಿದಳು. ಅದೇ ಸಂಜೆ ಖರ್ಜೂರದ ಮರಗಳಿಗೆ ನೀರೂ ಬಿಟ್ಟಿದ್ದರು.

ಬೆಳಿಗ್ಗೆ ತಾವು ಎದ್ದಿದ್ದಿರಿ. ಖಾಲಿ ಕೊಡ ತೇಲುವ ಹಾಗೆ ತೇಲಿ, ಕಕ್ಕಸಿನ ಪೈಪುಗಳನ್ನು ಕಿತ್ತುಕೊಂಡು, ಚಪ್ಪರದ ಒಂದು ಕಂಬವನ್ನು ಹೆಗಲಿಗೇರಿಸಿಕೊಂಡು, ಹೆಣ್ಣಿನ ಮಣೆ ಇಡಬೇಕಾದ ಜಾಗದಲ್ಲೇ ಬೆಳ್ಳಗೆ ದುಂಡಗೆ ಮಂಡಿಸಿದ್ದಿರಿ. ತಮ್ಮನ್ನು ಹೊಗಳದಿದ್ದರೆ ತಪ್ಪಾದೀತು. ಒಂದು ಕಟ್ಟಡ ಎಬ್ಬಿಸಲು ವರ್ಷಗಟ್ಟಲೆ ಕ್ರೇನು ನಿಲ್ಲಿಸುವ ಈ ದೇಶದಲ್ಲಿ ಪರ್ಮಿಟ್ಟೂ ಇಲ್ಲದೆ, ಆಳೂ ಇಲ್ಲದೆ, ಬೆಳಗಾಗುವುದರೊಳಗೆ ಸ್ವಂತ ಬಲದಿಂದ ಮೇಲೆ ಬಂದವರನ್ನು ನಾನು ಬೇರೆ ಕಂಡಿಲ್ಲ.

ಹಾಲ್‌ಗೆ ಹೋಗೋಣ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಬೆಟ್ಟಿ ಪೊರಕೆ ಹಿಡಿದು ನಿಂತವಳು ಸ್ವರ ಏರಿಸದೆ ಹೇಳಿದಳು: "ಹಾಲ್‌ಗೆ ಹೋಗುದಾದ್ರೆ ಇಷ್ಟು ವರ್ಷ ನಾನು ಯಾರ ಅಂಗಳ ಗುಡಿಸಿದ್ದು? ಮಣೆ ಆಚೆ ಮರದಡಿ ಇಡಿ."

ಇಟ್ಟೆವು. ಜುಮೇರಾ ಲೇಕ್ ಟವರ್ಸಿನಲ್ಲಿ ಆಕಾಶದಲ್ಲೇ ಮನೆ ಮಾಡಿಕೊಂಡು, ಫ್ಲಶ್ ಒತ್ತಿದ್ದು ಎಲ್ಲಿಗೆ ಹೋಗುತ್ತದೆಂದು ಹುಟ್ಟಿದಾರಭ್ಯ ಯೋಚಿಸದ ನಮ್ಮ ನೆಂಟರು ಬಂದರು, ಯೋಚಿಸಿದರು. ರೋಸಿಗೆ ತೆಂಗಿನಕಾಯಿ ತಂದಿದ್ದ ಮೂಲೆಯ ಗ್ರೋಸರಿಯ ಅಲಿಯಬ್ಬ ಬ್ಯಾರಿಗಳು, ಹೆದ್ದಾರಿಯ ಪೆಟ್ರೋಲ್ ಪಂಪಿನ ಕಕ್ಕಸಿಗೂ ನಮ್ಮ ಮನೆಗೂ ನಡುವೆ ಅಂಗಡಿಯ ವ್ಯಾನನ್ನು ಬಸ್ಸಿನ ಹಾಗೆ ಓಡಿಸಿದರು. ರೇಷ್ಮೆ ಸೀರೆಯ ಹೆಂಗಸರು ಅಕ್ಕಿಮೂಟೆಗಳ ಮೇಲೆ ಕೂತು ಹೋಗಿ ಬಂದರು, ಮುಂದಿನ ಟ್ರಿಪ್ಪಿಗೆ ಜಾಗ ಹಿಡಿಯಲು ಕೆಲವರು ಊಟ ಅರ್ಧಕ್ಕೇ ಬಿಟ್ಟರು.

ಹಾಲು ಹಚ್ಚಿಯಾದ ಮೇಲೆ ಹೆಣ್ಣಿಗೆ ಸ್ನಾನವಾಗಬೇಕು, ಬಚ್ಚಲಿನ ನೀರಿಗೆ ಹೋಗಲು ದಾರಿಯಿಲ್ಲ. ಹೆಂಗಸರೆಲ್ಲ ಸೀರೆಗಳನ್ನು ಎತ್ತಿ ಹಿಡಿದು ಮರದ ಸುತ್ತ ಗೋಡೆಯಾದರು, ಬೆಟ್ಟಿ ಒಳಗೆ ನಿಂತು ಮಗಳ ತಲೆಗೆ ಬಿಸಿನೀರು ಹೊಯ್ದಳು. ಒಳಗಿನಿಂದ ತಾಯಿ ಮಗಳು ನಗುವುದು ಕೇಳಿಸಿತು, ಆಮೇಲೆ ಅಳುವುದೂ ಕೇಳಿಸಿತು. ತೆಂಗಿನ ಹಾಲು ಸೇರಿದ ನೀರು ಖರ್ಜೂರದ ಬುಡಕ್ಕೆ ಹರಿಯುವುದನ್ನು ನೋಡುತ್ತಾ ಹೊರಗೆ ನಾನೂ ಅತ್ತೆ. ಈ ಮನೆಗೆ ಬಂದ ಮೇಲೆ ಅಷ್ಟು ಸಂತೋಷ ನನಗೆ ಆದದ್ದಿಲ್ಲ, ಅದರ ಕೀರ್ತಿ ತಮಗೆ ಸಲ್ಲುವುದೆಂದು ಮಾತ್ರ ತಿಳಿಯಬೇಡಿ.

ಆದಕಾರಣ ತಮ್ಮಲ್ಲಿ ವಿನಂತಿ. ಮುಂದೆ ಏಳುವ ಮನಸ್ಸಾದರೆ ಮೊದಲೇ ತಿಳಿಸಬೇಕು, ತಮಗೂ ಒಂದು ಎಲೆ ಹಾಕಿಸುತ್ತೇವೆ. ಬಿಡುವಾದಾಗ ಹಾಗೇ ನೆಲದಡಿಯಿಂದಲೇ ಅಲ್ ಕೂಜ್‌ಗೆ ಪ್ರಯಾಣ ಬೆಳೆಸಿ, ತಮ್ಮ ಕಂಟ್ರಾಕ್ಟರ್ ಕುಳಿತ ಕುರ್ಚಿಯ ಕೆಳಗೆ ಒಮ್ಮೆ ಮೇಲೆದ್ದು ದರ್ಶನ ಕೊಟ್ಟು ಬರಬೇಕು. ಹೋಗುವಾಗ ಅಕ್ಕ ಮೆಟಿಲ್ಡಾಳನ್ನೂ ಜೊತೆಗೆ ಕರೆದುಕೊಂಡು ಹೋದರೆ ನನ್ನ ಅಡ್ಡಿಯಿಲ್ಲ.

ಮೂಗು ಮುಚ್ಚಿದ ಕೈ ಬಿಟ್ಟು ಇನ್ನೊಂದು ಕೈಯಿಂದ ಸಹಿ ಮಾಡುತ್ತಿರುವ
ತಮ್ಮ ವಿಶ್ವಾಸಿ,
ಅಲೆಕ್ಸಾಂಡರ್

ಸಹಿ ಹಾಕಿದ ಮೇಲೆ ಬಂದ ಸುದ್ದಿ: ಅರ್ಬಾಬ್ ಬಂದು ತಮ್ಮನ್ನು ನೋಡಿ ಬಹಳ ನಕ್ಕರು, ಮತ್ತು ಈ ಸಲ ಸ್ವಂತ ಖರ್ಚಿನಿಂದ ಕಾಂಕ್ರೀಟು ಹಾಸಿ, ಕಬ್ಬಿಣದ ಬೆಲ್ಟು ಬಿಗಿದು ತಮ್ಮನ್ನು ಕೂರಿಸಲು ಹೇಳಿದ್ದಾರೆ. ಇಷ್ಟು ಒಳ್ಳೆಯ ಟ್ಯಾಂಕು ಇರುವ ಮನೆ ರಜಾದಿನಗಳಿಗೆ ನನ್ನ ಮಗನಿಗೇ ಬೇಕಾಗುತ್ತದೆ, ಕ್ರಿಸ್ಮಸ್ಸಿನೊಳಗೆ ನೀವು ಬೇರೆ ಮನೆ ನೋಡಿಕೊಳ್ಳಿ ಎಂದು ನಿನ್ನೆ ಫೋನು ಮಾಡಿ, ಬಹಳ ಮರ್ಯಾದೆಯಿಂದಲೇ ಹೇಳಿದರು. ಇನ್ನು ತಮ್ಮನ್ನು ಈ ನೆಲದಿಂದ ಯಾರೂ ಎಬ್ಬಿಸಲಾರರಂತೆ. ನಮ್ಮನ್ನು ಎಬ್ಬಿಸಲು ಆ ಒಂದು ಫೋನು ಸಾಕಾಯಿತು. ಬೆಟ್ಟಿ ಇವತ್ತೂ ಅಂಗಳ ಗುಡಿಸಿದ್ದಾಳೆ.