ಹೆಸರು, ಊರು, ಚೆನ್ನಾಗಿ ಬರುವ ಒಂದು ಕೆಲಸ

ಇನ್ನೊಬ್ಬರಿಗೆ ಬುದ್ಧಿ ಹೇಳುವುದರಲ್ಲಿ ಒಂದು ಸುಖವಿದೆ. ಯಾರೂ ನಮ್ಮ ಮಾತು ಕೇಳುವುದಿಲ್ಲ ಎಂಬ ಭರವಸೆಯ ಮೇಲೆ ನಿಂತ ಸುಖ ಅದು. ಕೇಳದವರಿಗೆ ಏನು ಬೇಕಾದರೂ ಹೇಳಬಹುದು, ಎಷ್ಟು ಬೇಕಾದರೂ ಹೇಳಬಹುದು. ಅವರು ತಲೆಯಾಡಿಸಿ, ಕಾಫಿ ಕುಡಿದು, ಎದ್ದು ಹೋಗಿ ಮೊದಲಿನಂತೆಯೇ ಇದ್ದುಬಿಡುತ್ತಾರೆ. ನಾನು ಇಷ್ಟು ವರ್ಷ ಮೇಷ್ಟರ ಕೆಲಸದಲ್ಲಿ ನೆಮ್ಮದಿಯಾಗಿದ್ದದ್ದೇ ಈ ನಂಬಿಕೆಯಿಂದ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿಬಿಡುವ ಜನರೂ ಇರುತ್ತಾರೆಂದು ಈ ವರ್ಷ ಕಾಲೇಜು ಶುರುವಾದ ದಿನದವರೆಗೂ ನನಗೆ ಗೊತ್ತಿರಲಿಲ್ಲ.

ಕೊಳ್ಳೇಗಾಲದ ಒಂದು ಪದವಿ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ರಜೆಯಲ್ಲಿ ಮೈಸೂರಿನಲ್ಲಿ ಒಂದು ತರಬೇತಿ ಇತ್ತು: ತರಗತಿಯ ಮೊದಲನೆಯ ದಿನವನ್ನು ಹೇಗೆ ನಡೆಸಬೇಕು ಎಂಬುದರ ಬಗ್ಗೆ. ಹೋಗಲು ಯಾರೂ ಒಪ್ಪದ್ದರಿಂದ ನಾನು ಹೋದೆ. ಮೈಸೂರಿನ ಊಟ ಚೆನ್ನಾಗಿರುತ್ತದೆ ಎಂಬುದನ್ನು ಬಿಟ್ಟರೆ ನನಗೆ ಬೇರೆ ಉದ್ದೇಶವಿರಲಿಲ್ಲ. ವಾಪಸ್ಸು ಬಂದ ಮೇಲೆ ಪ್ರಾಂಶುಪಾಲರು, ಕಲಿತದ್ದನ್ನು ಉಳಿದವರಿಗೂ ಕಲಿಸಿ ಎಂದರು. ಕಲಿಸಿದೆ. ಆಮೇಲೆ, ಅದು ಅವರಿಗೆ ಎಷ್ಟು ಹತ್ತಿದೆ ಎಂದು ನೀವೇ ಮೊದಲ ದಿನ ತರಗತಿಯಲ್ಲಿ ಕೂತು ನೋಡಿ ವರದಿ ಕೊಡಿ ಎಂದರು. ಅಡುಗೆ ಮಾಡಿದವನನ್ನೇ ಕರೆದು ಉಪ್ಪು ಸರಿಯಾಗಿದೆಯಾ ಎಂದು ಕೇಳಿದ ಹಾಗಾಯಿತು. ಅನ್ಯಾಯ ಎನಿಸಿದರೂ ನನಗೆ ಅನುಕೂಲವಾದ ಅನ್ಯಾಯವಾದ್ದರಿಂದ ಸುಮ್ಮನೆ ಒಪ್ಪಿಕೊಂಡೆ.

ನಾನು ಕಲಿಸಿದ್ದಾದರೂ ಏನು? ಮೊದಲ ದಿನ ಪಾಠ ಶುರು ಮಾಡಬಾರದು. ನಗುತ್ತಾ ಒಳಗೆ ಹೋಗಬೇಕು. ಪ್ರತಿಯೊಬ್ಬರನ್ನೂ ನಿಲ್ಲಿಸಿ ಹೆಸರು, ಊರು, ತಮಗೆ ಚೆನ್ನಾಗಿ ಬರುವ ಒಂದು ಕೆಲಸ ಯಾವುದು ಎಂದು ಕೇಳಬೇಕು. ಇಷ್ಟೇ. ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, ಮದುವೆಯಾಗಿ ಮಾಂಬಳ್ಳಿಗೆ ಬಂದ ದಿನ ನಿಮ್ಮ ಮನೆ ಹೆಂಗಸರೆಲ್ಲ ಸುತ್ತ ಕೂತು ನನ್ನನ್ನು ಕೇಳಿದ್ದೂ ಇದನ್ನೇ ಅಲ್ಲವಾ, ಅವರಿಗೆ ಯಾವ ಮೈಸೂರಿನಲ್ಲಿ ತರಬೇತಿಯಾಗಿತ್ತು ಎಂದಳು.

ಮೊದಲನೆಯ ದಿನ ಬೆಳಿಗ್ಗೆ ಕಾಲೇಜಿನ ಗೇಟಿನ ಹತ್ತಿರ, ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಒಬ್ಬ ಹುಡುಗಿಯ ಅಪ್ಪ ಕೂತಿದ್ದರು. ಮೊಳಕಾಲ ಮಧ್ಯೆ ಒಂದು ದೊಡ್ಡ ಬ್ಯಾಗು. ಹೂಗ್ಯಂನಿಂದ ಮಗಳನ್ನು ಕರೆದುಕೊಂಡು ಬಂದಿದ್ದರು. ಕಾಡಂಚಿನ ಊರು, ಹನೂರು ದಾಟಿ ಇನ್ನೂ ಎಷ್ಟೋ ದೂರ. ಮಗಳು ಮಾದೇವಿ ಹಾಸ್ಟೆಲಿನಲ್ಲಿ ಇದ್ದು ಓದಬೇಕು. ಮತ್ತೆ ಬ್ಯಾಗೇಕೆ ಇಲ್ಲೇ ಇದೆ, ಹಾಸ್ಟೆಲಿಗೆ ಇಟ್ಟು ಬರಬಾರದೇ ಎಂದು ಕೇಳಿದೆ.

"ಒಂದಿನ ಕುಂತು ನೋಡ್ಲಿ ಸಾ," ಎಂದರು ಅವರು. "ಬಸ್ಸಿಳಿದಾಗ್ನಿಂದ ಬ್ಯಾಡ ಬ್ಯಾಡ ಅಂತ ಅವಳೆ. ಆಗಲ್ಲ ಅಂದ್ರೆ ಸಾಯಂಕಾಲದ ಬಸ್ಸಿಗೆ ಕರ್ಕಂಡು ಓಯ್ತೀನಿ. ಅವಳ ಚಿಕ್ಕವ್ವ ಗಾರ್ಮೆಂಟ್ಸಲ್ಲಿ ಅವಳೆ, ಅಲ್ಗೆ ಕಳಿಸ್ಬುಡ್ತೀನಿ."

ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಕಳಿಸುವ ಆಸೆಯೂ ಇದ್ದಂತೆ ಕಾಣಲಿಲ್ಲ. ಬ್ಯಾಗು ಹಾಸ್ಟೆಲಿಗೆ ಹೋಗಬೇಕೋ ಊರಿಗೆ ಹೋಗಬೇಕೋ ಎಂಬುದು ಅವತ್ತಿನ ತರಗತಿಗಳ ಮೇಲೆ, ಅಂದರೆ ನನ್ನ ತರಬೇತಿಯ ಮೇಲೆ ನಿಂತಿತ್ತು. ವರದಿಯಲ್ಲಿ ಏನು ಬರೆದರೂ ನಡೆಯುತ್ತದೆ ಎಂದುಕೊಂಡಿದ್ದ ನಾನು ಬೆಲ್ಲಿಗೆ ಮೊದಲೇ ತರಗತಿಯ ಕಡೆ ನಡೆದೆ.

ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಪಕ್ಕದ ಸಾಲಿನ ಕೊನೆಯಲ್ಲಿ ಮಾದೇವಿ ತಲೆ ತಗ್ಗಿಸಿ ಕೂತಿದ್ದಳು. ಮೊದಲ ಗಂಟೆ ಕನ್ನಡದ ಮೇಡಂ. ನಗುತ್ತಾ ಬಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಸರು, ಊರು, ಬರುವ ಕೆಲಸ ಕೇಳಿದರು. ಹುಡುಗರು ನಾಚಿಕೊಂಡರೂ ಹೇಳಿದರು. ಒಬ್ಬನಿಗೆ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯಲು ಬರುತ್ತದೆ, ಒಬ್ಬಳಿಗೆ ಹೂ ಕಟ್ಟಲು. ಸತ್ತೇಗಾಲದ ಸುರೇಶನಿಗೆ ಈಜು ಬರುತ್ತದಂತೆ. ಮಾದೇವಿ ಎದ್ದು ನಿಂತು, ಹೆಸರು ಮತ್ತು ಊರು ಹೇಳಿ, ಮೂರನೆಯದಕ್ಕೆ ಕಣ್ಣು ತುಂಬಿಕೊಂಡು ಕೂತುಬಿಟ್ಟಳು. ಕೊನೆಗೆ ಮೇಡಂ ನನ್ನನ್ನೂ ಬಿಡಲಿಲ್ಲ. ನಾನೂ ಎದ್ದು ನಿಂತು ಹೆಸರು ಹೇಳಿ, ಊರು ಮಾಂಬಳ್ಳಿ, ಪಾಠ ಮಾಡಲು ಚೆನ್ನಾಗಿ ಬರುತ್ತದೆ ಎಂದೆ. ಯಾರೂ ನಂಬಿದಂತೆ ಕಾಣಲಿಲ್ಲ.

ಎರಡನೆಯ ಗಂಟೆ ಇಂಗ್ಲಿಷಿನವರು ಬಂದರು. ನಗುತ್ತಾ ಬಂದರು. ಹೆಸರು, ಊರು, ಬರುವ ಕೆಲಸ. ಆಗ ನನಗೆ ಜ್ಞಾನೋದಯವಾಯಿತು. ಎಲ್ಲರಿಗೂ ಒಂದೇ ಪಾಠ ಹೇಳಿಕೊಟ್ಟಿದ್ದೆ. ಅವರೆಲ್ಲ ಹೋಗುವುದು ಒಂದೇ ದಿನ, ಒಂದೇ ತರಗತಿಗೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದ ಜೋಕನ್ನು ಇನ್ನೊಬ್ಬರು ಒಪ್ಪದ ನಮ್ಮ ಜನ, ನನ್ನ ಮೇಲಿನ ಗೌರವದಿಂದಲೋ ವರದಿಯ ಭಯದಿಂದಲೋ, ಒಂದಕ್ಷರವೂ ಆಚೀಚೆ ಮಾಡದೆ ಪಾಲಿಸುತ್ತಿದ್ದರು. ಎದ್ದು ಹೋಗಿ ಮುಂದಿನವರನ್ನು ತಡೆಯೋಣವೆಂದರೆ, ನಡುವೆ ಎದ್ದು ಹೋಗುವುದು ವೀಕ್ಷಕನಿಗೆ ಶೋಭೆಯಲ್ಲ ಎಂದು ವರದಿಯ ಕೆಲಸ ಒಪ್ಪಿಕೊಂಡ ದಿನ ಎಲ್ಲರಿಗೂ ನಾನೇ ಹೇಳಿದ್ದೆ. ಬೆಲ್ಲು ಹೊಡೆದ ಕೂಡಲೇ ಓಡೋಣವೆಂದರೆ, ಅವರು ಬೆಲ್ಲಿಗೆ ಮೊದಲೇ ಬಾಗಿಲಲ್ಲಿ ನಗುತ್ತಾ ನಿಂತಿರುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ತಮ್ಮ ಹೆಸರೇ ಬೇಸರವಾಗಿತ್ತು. ಹೇಳಿದ್ದನ್ನೇ ಹೇಳಲಾರದೆ ಹೊಸ ವಿದ್ಯೆಗಳನ್ನು ಹುಟ್ಟಿಸತೊಡಗಿದರು. ಈಜುತ್ತಿದ್ದ ಸುರೇಶ ಬಿರಿಯಾನಿ ಮಾಡತೊಡಗಿದ, ಆಮೇಲೆ ಹಾವು ಹಿಡಿದ. ನಾನೂ ಚಿತ್ರಾನ್ನ ಮಾಡಲು ಬರುತ್ತದೆ ಎಂದೆ. ಅದು ಮುಗಿದ ಮೇಲೆ ಬೇರೆ ಏನೂ ತೋಚದೆ, ಏನೂ ಬರುವುದಿಲ್ಲ ಎಂದು ಒಪ್ಪಿಕೊಂಡೆ. ಮಾದೇವಿ ಮಾತ್ರ ಗಂಟೆ ಗಂಟೆಗೂ ಎದ್ದು, ಎರಡು ಹೇಳಿ, ಮೂರನೆಯದಕ್ಕೆ ಕೂರುತ್ತಿದ್ದಳು. ಕಿಟಕಿಯಿಂದ ಹೊಂಗೆ ಮರ ಕಾಣುತ್ತಿತ್ತು. ಅವಳು ನೋಡುತ್ತಿದ್ದದ್ದು ಅತ್ತಲೇ. ನನ್ನ ತರಬೇತಿ ಒಂದು ಹುಡುಗಿಯನ್ನು ದಿನವಿಡೀ ಎದ್ದು ನಿಲ್ಲಿಸಿ ಅಳಿಸುವ ಉಪಾಯವಾಯಿತಲ್ಲ ಎಂದು ನನಗೆ ನಿಜವಾಗಿ ಸಂಕಟವಾಯಿತು.

ಕೊನೆಯ ಗಂಟೆ ಇತಿಹಾಸದ ಶಿವಮಲ್ಲು ಅವರದು. ನಗುತ್ತಾ ಬಂದರು. ಅವರು ಬಾಯಿ ಬಿಡುವ ಮೊದಲೇ ತರಗತಿ ತಾನಾಗಿ ಶುರು ಮಾಡಿತು. ಒಬ್ಬರು ಎದ್ದು ನಿಂತರೆ ಉಳಿದವರೆಲ್ಲ ಒಟ್ಟಿಗೆ ಅವರ ಹೆಸರು, ಊರು, ವಿದ್ಯೆ ಹೇಳಿಬಿಡುತ್ತಿದ್ದರು, ಮಗ್ಗಿ ಒಪ್ಪಿಸುವ ಹಾಗೆ. ಮಾದೇವಿಯ ಸರದಿ ಬಂತು. "ಮಾದೇವಿ, ಊಗ್ಯಂ, ಏನೂ ಬರಲ್ಲ," ಎಂದಿತು ತರಗತಿ. ಕೆಲವರು ನಕ್ಕರು.

ಅವಳು ಕೂರಲಿಲ್ಲ. ಮುಖ ಕೆಂಪಗಾಗಿತ್ತು.

"ಯಾಕ್ ಬರಲ್ಲ?" ಎಂದಳು. "ಬೆಳಗಿಂದ ನೀವೆಲ್ಲಾ ಯೋಳಿದ್ದು ಪೂರ್ತಿ ನಂಗೆ ಬತ್ತದೆ."

ಆಮೇಲೆ ಮುಂದಿನ ಬೆಂಚಿನ ಹತ್ತಿರ ಹೋಗಿ ಅಲ್ಲಿಂದ ಶುರು ಮಾಡಿದಳು. ಪ್ರತಿಯೊಬ್ಬರ ಹೆಸರು, ಊರು, ಯಾವ ಗಂಟೆಯಲ್ಲಿ ಯಾವ ಸುಳ್ಳು, ಎಲ್ಲ ಸಾಲಾಗಿ ಬಂತು. ಸುರೇಶ ಈಜಿದ್ದು, ಬಿರಿಯಾನಿ ಬೇಯಿಸಿದ್ದು, ಹಾವು ಹಿಡಿದದ್ದು ಹೇಳಿ, ಹಾವು ಹಿಡಿಯೋನು ಮಧ್ಯಾಹ್ನ ಹಲ್ಲಿ ಬಿದ್ದಾಗ ಯಾಕೆ ಬೆಂಚು ಹತ್ತಿದ ಎಂದು ಕೇಳಿದಳು. ತರಗತಿ ಬಿದ್ದು ಬಿದ್ದು ನಕ್ಕಿತು, ಸುರೇಶನೂ ನಕ್ಕ. ಹಾಗೇ ಸಾಲು ಹಿಡಿದು ಹಿಂದಕ್ಕೆ ಬಂದು ನನ್ನ ಹತ್ತಿರ ನಿಂತಳು.

"ಈ ಸಾರು ಮಾಂಬಳ್ಳಿಯೋರು. ಮೊದ್ಲು ಪಾಠ ಮಾಡಕ್ ಬತ್ತದೆ ಅಂದ್ರು. ಆಮ್ಯಾಲೆ ಚಿತ್ರಾನ್ನ ಅಂದ್ರು. ಆಮ್ಯಾಲೆ ಏನೂ ಬರಲ್ಲ ಅಂತ ಒಪ್ಕಂಡ್ರು."

ಶಿವಮಲ್ಲು ಚಪ್ಪಾಳೆ ತಟ್ಟಿದರು. ಅದು ತರಬೇತಿಯಲ್ಲಿ ಇರಲಿಲ್ಲ. ಇತಿಹಾಸಕ್ಕೆ ಬೇಕಾದದ್ದು ಇಂಥ ತಲೆಯೇ ಕಣಮ್ಮ ಎಂದರು. ಬೆಲ್ಲು ಹೊಡೆದ ಮೇಲೆ ಹುಡುಗಿಯರು ಅವಳನ್ನು ಸುತ್ತಿಕೊಂಡು, ನನ್ನದು ಇನ್ನೊಂದು ಸಲ ಹೇಳು ಎಂದು ಪೀಡಿಸುತ್ತಿದ್ದರು. ನಾನು ಅವಳ ಹಿಂದೆಯೇ ಗೇಟಿನ ತನಕ ಹೋದೆ, ಏನೋ ಕೆಲಸವಿರುವವನ ಹಾಗೆ. ಅಪ್ಪ ಎದ್ದು ನಿಂತು ಬ್ಯಾಗು ಹೆಗಲಿಗೆ ಹಾಕಿಕೊಂಡು, "ಓಗದಾ ಮಗ?" ಎಂದರು.

"ಹಾಸ್ಟಲ್ ಆ ಕಡೆ ಕನಪ್ಪ," ಎಂದಳು ಮಾದೇವಿ.

ನನಗೆ ಎಷ್ಟು ಹಗುರವಾಯಿತೆಂದರೆ, ಆ ಮರದ ಕೆಳಗೆ, ಆ ಕಲ್ಲಿನ ಮೇಲೆ, ಅವರು ಬಿಟ್ಟುಹೋದ ಜಾಗದಲ್ಲೇ ಸ್ವಲ್ಪ ಹೊತ್ತು ಕೂತೆ.

ಮಾರನೆಯ ದಿನ ಅದೇ ತರಗತಿಗೆ ನನ್ನ ಮೊದಲ ಪಾಠ. ನಾನು ನಗುತ್ತಾ ಒಳಗೆ ಹೋದೆ. ನನ್ನ ನಗು ಕಂಡ ಕೂಡಲೇ ಇಡೀ ತರಗತಿಯ ಮುಖ ಬಾಡಿತು. ಮುಂದಿನ ಬೆಂಚಿನ ಹುಡುಗ ನಿಟ್ಟುಸಿರು ಬಿಟ್ಟು ಏಳತೊಡಗಿದ. ಕೂತ್ಕೋಪ್ಪ ಎಂದು ಹೇಳಿ ಚಾಕ್‌ಪೀಸ್ ತೆಗೆದುಕೊಂಡೆ.

"ಸಾ, ಇವತ್ತು ಎಸ್ರು ಕೇಳಲ್ವಾ?" ಎಂದಳು ಮಾದೇವಿ.

ಇಲ್ಲಮ್ಮ, ಪಾಠ ಮಾಡುತ್ತೇನೆ ಎಂದೆ. ತರಗತಿಯಲ್ಲಿ ಸಂತೋಷದ ಒಂದು ಗುಜುಗುಜು ಎದ್ದಿತು. ಎಲ್ಲರೂ ತಾವಾಗಿಯೇ ಪುಸ್ತಕ ತೆರೆದರು. ನಾನು ಪಾಠ ಮಾಡುತ್ತೇನೆ ಎಂದಾಗ ಒಂದು ತರಗತಿ ಹಿಗ್ಗಿದ್ದು ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅದೇ ಮೊದಲು. ತರಬೇತಿಯಿಂದ ಬಹಳ ಉಪಯೋಗವಾಗಿದೆ ಎಂದು ಅವತ್ತೇ ವರದಿ ಬರೆದುಕೊಟ್ಟೆ.