ಬೀಗದ ಕಂಪನಿಗೆ ಬೀಗ ಬಿದ್ದ ದಿನ

ಬೀಗ ತಯಾರಿಸುವ ಕಂಪನಿಯಲ್ಲಿ ಕೂತು ‘ಬೀಗ ತೆರೆಯುವುದು ಹೇಗೆ’ ಎಂದು ಟೈಪ್ ಮಾಡಿದ್ದೇ ಆಗೋಯ್ತಣ್ಣ ಮಾಡಿದ ತಪ್ಪು. ಗ್ರಾಹಕರ ಫೋನು ಎತ್ತುವ ಕೆಲಸ ಅವನದು. ಯಾರ ಕಷ್ಟವನ್ನೂ ಪೂರ್ತಿ ಕೇಳುವ ಮೊದಲೇ ‘ಆಗೋಯ್ತು ಅಂದ್ಕೊಳ್ಳಿ’ ಎನ್ನುತ್ತಿದ್ದುದರಿಂದ ಆಫೀಸಿನಲ್ಲಿ ಅವನಿಗೆ ಆ ಹೆಸರು ಬಿದ್ದಿತ್ತು.

ಆ ಬೆಳಿಗ್ಗೆ ಫೋನು ಮಾಡಿದವಳು ಒಬ್ಬ ಸೊಸೆ. ಅತ್ತೆ ಸ್ನಾನದ ಮನೆಯೊಳಗೆ ಸಿಕ್ಕಿಕೊಂಡಿದ್ದಾರೆ, ನಿಮ್ಮ ಬೀಗ ಜಪ್ಪಯ್ಯ ಅಂದರೂ ತೆರೆಯುತ್ತಿಲ್ಲ, ಬಡಗಿ ಬರುವುದು ಸಂಜೆಗಂತೆ, ಅವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ತಲೆ ಸುತ್ತುತ್ತದೆ ಎಂದಳು. ಹಿಂದಿನಿಂದ ಅತ್ತೆಯ ದನಿ, ಅಗ್ಗದ ಬೀಗ ಬೇಡ ಅಂತ ಆವತ್ತೇ ಹೇಳಿದ್ದೆ ಎಂದು ಗೋಡೆ ನಡುಗುವಂತೆ ಕೇಳಿಸುತ್ತಿತ್ತು.

“ಆಗೋಯ್ತು ಅಂದ್ಕೊಳ್ಳಿ ಮೇಡಂ. ಹಂಗೇ ಲೈನಲ್ಲಿರಿ.”

ಬೀಗ ಕಚ್ಚಿಕೊಂಡರೆ ಬಿಡಿಸುವ ಬಗೆ, ಆಫೀಸಿನ ಕಂಪ್ಯೂಟರಿನಲ್ಲಷ್ಟೇ ತೆರೆಯುವ ಕಂಪನಿಯದೇ ವೆಬ್‌ಸೈಟಿನಲ್ಲಿತ್ತು. ಹುಡುಕಿದ. ಪರದೆ ಕೆಂಪಗಾಯಿತು. ‘ಈ ವಿಷಯ ಕಳ್ಳತನಕ್ಕೆ ಸಂಬಂಧಿಸಿದೆ. ತಡೆಹಿಡಿಯಲಾಗಿದೆ.’ ಐಟಿ ವಿಭಾಗದವರು ಹೊಸದಾಗಿ ಹಾಕಿದ್ದ ಭದ್ರತಾ ಸಾಫ್ಟ್‌ವೇರ್ ಅದು. ಬಿಡದೆ ಮತ್ತೆ ಮತ್ತೆ ಹುಡುಕಿದ. ಕಂಪ್ಯೂಟರು ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಮುಖ ಕಪ್ಪು ಮಾಡಿಕೊಂಡು ಕೂತುಬಿಟ್ಟಿತು.

ಪಕ್ಕದ ಅಕೌಂಟ್ಸ್ ಮೇಡಂ ಕುರ್ಚಿ ಸಮೇತ ಜಾರಿಕೊಂಡು ಬಂದರು. ಯಂತ್ರದ ಹತ್ತಿರ ಯಾರಾದರೂ ನೇರ ಮಾತಾಡುತ್ತಾರೆಯೇ, ಸ್ವಲ್ಪ ನಯವಾಗಿ ಕೇಳಬೇಕು ಎಂದು ತಮ್ಮ ಕಂಪ್ಯೂಟರಿನಲ್ಲಿ ‘ಬಾಗಿಲಿಗೆ ಬಿಡುಗಡೆ’ ಎಂದು ಟೈಪ್ ಮಾಡಿದರು. ಅದೂ ಕಪ್ಪಾಯಿತು. ಎದುರು ಮೇಜಿನ ಸೇಲ್ಸ್‌ನವನು ನಕ್ಕು, ತನ್ನ ಪೆನ್‌ಡ್ರೈವಿನಲ್ಲಿ ಎಲ್ಲ ಬೀಗಗಳ ಚಿತ್ರ ಇದೆ, ಹುಡುಕುವ ರಗಳೆಯೇ ಬೇಡ ಎಂದು ಅದನ್ನು ಚುಚ್ಚಿದ. ಅವನ ಕಂಪ್ಯೂಟರು ಕೀರಲು ದನಿಯಲ್ಲಿ ಅರಚಿಕೊಂಡಿತು. ಅದರ ಬೆನ್ನಿಗೆ ಆ ಸಾಲಿನ ಅಷ್ಟೂ ಪರದೆಗಳು ಕಣ್ಣು ಮುಚ್ಚಿದವು. ಬೇರೆ ಸಾಲಿನವರು ತಮಗೂ ಆ ಪೆನ್‌ಡ್ರೈವ್ ಸಿಗುತ್ತದೆಯೇ ಎಂದು ವಿಚಾರಿಸತೊಡಗಿದರು.

ಆಗೋಯ್ತಣ್ಣ ಹೆದರುವ ಜಾತಿಯಲ್ಲ. ಫೋನನ್ನು ಅಕೌಂಟ್ಸ್ ಮೇಡಂ ಕೈಗೆ ಕೊಟ್ಟು, ಮೆಟ್ಟಿಲು ಹತ್ತಿ ಐಟಿ ವಿಭಾಗಕ್ಕೆ ಹೋದ. ಅಲ್ಲಿದ್ದವನು ತಲೆ ಎತ್ತಲಿಲ್ಲ.

“ಮನವಿ ಹಾಕಿದೀರಾ?”

“ಎಲ್ಲಿ ಹಾಕ್ಬೇಕು?”

“ನಿಮ್ಮ ಕಂಪ್ಯೂಟರಲ್ಲಿ.”

“ಅದೇ ಬಂದಾಗಿದೆ ಸ್ವಾಮಿ.”

“ಹೌದಾ? ಹಂಗಿದ್ರೆ ಅದಕ್ಕೆ ಬೇರೆ ಮನವಿ ಇದೆ. ಅದನ್ನೂ ಅಲ್ಲೇ ಹಾಕಿ.”

ಅವನ ಜೊತೆ ವಾದ ಮಾಡುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಗೊತ್ತಾಗಿ ಕೆಳಗಿಳಿದ. ಅಷ್ಟರಲ್ಲಿ ಅಕೌಂಟ್ಸ್ ಮೇಡಂ, ಬಾಗಿಲಾಚೆ ಅತ್ತೆಯ ದನಿ ಸಣ್ಣಗಾಗುತ್ತಿದೆಯಂತೆ, ಸೊಸೆ ಅಳುತ್ತಿದ್ದಾಳೆ ಎಂದರು. ಆಗೋಯ್ತಣ್ಣ ನೇರ ಸ್ವಾಗತ ಕೋಣೆಗೆ ನಡೆದು, ಗಾಜಿನ ಕಪಾಟಿನಲ್ಲಿ ಅಂದಕ್ಕೆಂದು ಇಟ್ಟಿದ್ದ ಅದೇ ಮಾದರಿಯ ಬೀಗವನ್ನು ತೆಗೆದುಕೊಂಡ. ಸ್ಕ್ರೂ ಬಿಚ್ಚಿ ಅದರ ಹೊಟ್ಟೆಯೊಳಗೆ ಇಣುಕಿದ. ಹಿಡಿಕೆಯ ಕೆಳಗಿನ ಸಣ್ಣ ತೂತು, ಅದರ ಹಿಂದಿನ ಸ್ಪ್ರಿಂಗು ಕಂಡವು. ಅಕೌಂಟ್ಸ್ ಮೇಡಂ ತಮ್ಮ ಹೇರ್‌ಪಿನ್ ಕಿತ್ತುಕೊಟ್ಟರು. ತೂರಿಸಿ ಒತ್ತಿದ. ಟಕ್ ಎಂದಿತು.

ಫೋನಿನಲ್ಲಿ ಹೇಳಿಕೊಟ್ಟು, ಸೊಸೆಯಿಂದಲೂ ಅವಳ ಹೇರ್‌ಪಿನ್ನಿನಲ್ಲಿ ಹಾಗೇ ಮಾಡಿಸಿದ. ಬಾಗಿಲು ತೆರೆದ ಸದ್ದು, ಅತ್ತೆ ಹೊರಬಂದು ಮೊದಲು ತಿಂಡಿ ಕೇಳಿದ್ದು ಎಲ್ಲ ಇಲ್ಲಿಗೆ ಕೇಳಿಸಿತು.

ಇಡೀ ಮಹಡಿ ಚಪ್ಪಾಳೆ ತಟ್ಟಿತು. ಸುದ್ದಿ ತಿಳಿದು ಸಾಹೇಬರೇ ಕೋಣೆಯಿಂದ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, ಕಂಪ್ಯೂಟರ್ ಇಲ್ಲದೆಯೂ ಕಂಪನಿಯ ಮಾನ ಉಳಿಸುವವರು ಇಂಥವರು ಎಂದರು. ಮಧ್ಯಾಹ್ನದೊಳಗೆ ಐಟಿಯವರಿಗೇ ಬುದ್ಧಿ ಹೇಳಿಸುವುದಾಗಿಯೂ ಮಾತು ಕೊಟ್ಟರು.

ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಸ್ವತಃ ಅತ್ತೆ. ಹೊಗಳಿಕೆ ಸಾಹೇಬರ ಕಿವಿಗೂ ಬೀಳಲಿ ಎಂದು ಆಗೋಯ್ತಣ್ಣ ಸ್ಪೀಕರ್ ಹಾಕಿದ.

“ನೂರು ವರ್ಷ ಬಾಳಪ್ಪಾ ನೀನು,” ಎಂದರು ಅತ್ತೆ. ತಿಂಡಿ ಹೊಟ್ಟೆಗೆ ಬಿದ್ದ ಮೇಲೆ ದನಿ ಮೊದಲಿನಷ್ಟೇ ಗಟ್ಟಿಯಾಗಿತ್ತು. “ಆ ಪಿನ್ನು ನಮ್ಮ ಮುಂಬಾಗಿಲಿಗೂ ಹಾಕಿ ನೋಡಿದೆ, ತೆರ್ಕೊಳ್ತು. ಎದುರು ಮನೇದೂ ತೆರ್ಕೊಳ್ತು. ನಮ್ಮ ಬೀದಿಗೆಲ್ಲ ನಿಮ್ಮ ಬೀಗಾನೇ ಅಲ್ವಾ.”

ಆಗೋಯ್ತಣ್ಣ ಸ್ಪೀಕರ್ ಗುಂಡಿಗಾಗಿ ತಡಕಾಡಿದ. ಅದು ಕೈಗೆ ಸಿಗಲಿಲ್ಲ.

“ಬೀದಿಯೋರೆಲ್ಲ ಇಲ್ಲೇ ನಿಂತಿದಾರೆ ಕಣಪ್ಪಾ. ಕಂಪನಿಯೋರೇ ಹೇಳ್ಕೊಟ್ಟಿದ್ದು ಅಂದ್ರೆ ಒಬ್ರೂ ನಂಬ್ತಿಲ್ಲ. ನಾನೂ ಸ್ಪೀಕರ್ ಹಾಕಿದೀನಿ. ಎಲ್ಲಾರ್ಗೂ ಕೇಳೋ ಹಂಗೆ ನೀನೇ ಒಂದ್ಸಲ ಹೇಳ್ಬಿಡು.”

ಹೆಗಲ ಮೇಲಿದ್ದ ಸಾಹೇಬರ ಕೈ ನಿಧಾನವಾಗಿ ಭಾರವಾಗತೊಡಗಿತು.